ಯಂತ್ರದ ಉಸಿರು

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟವೆಂದೊಡನೆ ವಾಚಕರಲ್ಲಿ ಕೆಲವರಿಗೆ ಅಲ್ಲಿನ ದಿಬ್ಬದಲ್ಲಿ ದೊರೆತ ಬೌದ್ಧ ಚೈತ್ಯದ ಅವಶೇಷಗಳು ನೆನಪಿಗೆ ಬಂದಾವು. ನಾವು ಈಚೆಗೆ ಅಲ್ಲಿಗೆ ಹೋದದ್ದೂ ಅದನ್ನು ನೋಡುವುದಕ್ಕಾಗಿಯೇ. ಆದರೆ ಅರಳಿಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, ನಾವು ಭೌತಶಾಸ್ತ್ರದ ಅಧ್ಯಾಪಕರೆಂದು ತಿಳಿದೊಡನೆ, ಹಳೆಯ ಇಟ್ಟಿಗೆಗಳ ಮಾತನ್ನು ಬದಿಗೊತ್ತಿ ಬೇರೊಂದು ಪ್ರಶ್ನೆಯನ್ನು ಮುಂದಿಟ್ಟರು. ಅವರ ಅಣ್ಣನವರು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಪ್ರಜ್ಞೆಯಿಲ್ಲದೆ ಉಸಿರಾಟದ ಯಂತ್ರದ ಆಸರೆಯಲ್ಲಿದ್ದು ತೀರಿಕೊಂಡಿದ್ದರು. "ಮಿಷನ್ ತೆಗೀರಿ ಅಂತ ಕೊನೆಗೆ ನಾನೇ ರುಜು ಹಾಕ್ದೆ, ಮೇಷ್ಟ್ರೇ. ಹಂಗಾದ್ರೆ ನಾನೇ ಕೊಂದಂಗಾಯ್ತಾ?"

ಉತ್ತರಿಸುವ ಮೊದಲು ಆ ಯಂತ್ರದ ಕೆಲಸವನ್ನು ಅರಿಯಬೇಕು. ನಾವು ಉಸಿರೆಳೆಯುವಾಗ ಎದೆಯ ಕೆಳಗಿನ ವಪೆಯು ತಗ್ಗುತ್ತದೆ. ಎದೆಗೂಡಿನ ಗಾತ್ರ ಹೆಚ್ಚಿ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಮೆಯಾಗುತ್ತದೆ. ಗಾಳಿ ತಾನಾಗಿ ಒಳನುಗ್ಗುತ್ತದೆ. ಪ್ರತಿ ಸಲವೂ ಸುಮಾರು ಅರ್ಧ ಲೀಟರು. ಯಂತ್ರವು ಇದಕ್ಕೆ ವಿಪರೀತವಾಗಿ, ಕಮ್ಮಾರನ ತಿದಿಯಂತೆ, ಗಾಳಿಯನ್ನು ಒತ್ತಿ ತುಂಬುತ್ತದೆ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ವಿಪರೀತವಾಗಿ ಹರಡಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ರೋಗಿಗಳ ಗಂಟಲಿನಲ್ಲಿ ನಳಿಕೆಯನ್ನಿರಿಸಿ, ರಬ್ಬರು ಚೀಲವನ್ನು ಹಿಸುಕಿ ಗಾಳಿ ತುಂಬಿಸಿದರು. ಯಂತ್ರಗಳು ಸಾಲದಿದ್ದುದರಿಂದ ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಹಾಸಿಗೆಯ ಬಳಿ ಕುಳಿತು ಕೈಯಿಂದಲೇ ಆ ಕೆಲಸ ನಡೆಸಿದರು. ಸಾವು ಖಂಡಿತವೆಂದಿದ್ದ ಅನೇಕರು ಉಳಿದರು. ಆದರೆ ತಿದಿಯು ರೋಗವನ್ನು ವಾಸಿಮಾಡಲಿಲ್ಲ. ದೇಹವು ತಾನೇ ಚೇತರಿಸಿಕೊಳ್ಳಲು ಕಾಲಾವಕಾಶವನ್ನು ಕೊಟ್ಟಿತು, ಅಷ್ಟೆ. ಚೇತರಿಕೆಯ ಆಸೆಯೇ ಇಲ್ಲವಾದಾಗ ಅದು ಏನನ್ನು ಉಳಿಸುತ್ತಿದೆ?

ಆಧಾರವನ್ನು ತೆಗೆಯುವುದು ಬೇರೆ, ಬಲ ಪ್ರಯೋಗಿಸುವುದು ಬೇರೆ ಎಂದು ಹೇಳಿ ಹಿರಿಯರನ್ನು ಸಮಾಧಾನಪಡಿಸಬಹುದಾಗಿತ್ತು. ಭೌತಶಾಸ್ತ್ರದವರಿಗೆ ಅದು ಸುಲಭದ ಮಾತು. ಆದರೆ ಪೂರ್ಣ ಸತ್ಯವಲ್ಲ. ರಾತ್ರಿ ಶತ್ರುವೊಬ್ಬನು ಕದ್ದು ಬಂದು ಅದೇ ಗುಂಡಿಯನ್ನು ಒತ್ತಿದರೆ ಅದು ಕೊಲೆಯೇ. ಬೆರಳಿನ ಚಲನೆ ಒಂದೇ. ಭೇದವಿರುವುದು ರೋಗಿಯ ಇಚ್ಛೆಯಲ್ಲಿ, ಮಾಡುವವನ ಉದ್ದೇಶದಲ್ಲಿ, ರೋಗದ ಗತಿಯಲ್ಲಿ.

ಈ ಪ್ರಶ್ನೆಯನ್ನು ನಮ್ಮ ದೇಶದ ಎದುರಿಗೆ ತಂದು ನಿಲ್ಲಿಸಿದವರು ಕನ್ನಡ ನಾಡಿನ ಹೆಣ್ಣುಮಗಳೊಬ್ಬರು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬನು ಅವರ ಮೇಲೆ ಅತ್ಯಾಚಾರವೆಸಗಿ ಸರಪಳಿಯಿಂದ ಕುತ್ತಿಗೆ ಬಿಗಿದನು. ಆಮ್ಲಜನಕ ದೊರೆಯದೆ ಮಿದುಳು ಕೆಟ್ಟಿತು. ಅವರಿಗೆ ಯಂತ್ರ ಬೇಕಿರಲಿಲ್ಲ. ಉಸಿರು ತಾನಾಗಿ ಆಡುತ್ತಿತ್ತು. ಹಾಗಾದರೆ ಉಣಿಸುವುದನ್ನು ನಿಲ್ಲಿಸಬಹುದೇ? ಪಿಂಕಿ ವಿರಾನಿ ಎಂಬ ಲೇಖಕಿ ಹೌದೆಂದು ನ್ಯಾಯಾಲಯಕ್ಕೆ ಹೋದರು. ವರ್ಷಾನುಗಟ್ಟಲೆ ಆರೈಕೆ ಮಾಡಿದ್ದ ದಾದಿಯರು ಕೂಡದೆಂದರು. 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯವು ದಾದಿಯರ ಮಾತನ್ನೇ ಎತ್ತಿಹಿಡಿದರೂ, ತಕ್ಕ ಸಂದರ್ಭದಲ್ಲಿ ಉಚ್ಚ ನ್ಯಾಯಾಲಯದ ಒಪ್ಪಿಗೆ ಪಡೆದು ಚಿಕಿತ್ಸೆಯನ್ನು ಹಿಂತೆಗೆಯಬಹುದೆಂದು ಹೇಳಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಆ ದಾದಿಯರ ವಾದವನ್ನು ಕಾನೂನಿನ ತಕ್ಕಡಿಯಲ್ಲಿ ಮಾತ್ರ ತೂಗಲು ನಮಗೆ ಮನಸ್ಸು ಬಾರದು.

2018ರಲ್ಲಿ ಐವರು ನ್ಯಾಯಾಧೀಶರ ಪೀಠವು ಘನತೆಯ ಸಾವೂ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. 2023ರಲ್ಲಿ ಕ್ರಮವು ಸರಳವಾಯಿತು. ಈಗ ಆಸ್ಪತ್ರೆಯ ವೈದ್ಯರ ಎರಡು ಮಂಡಲಿಗಳು ಒಂದರ ಮೇಲೊಂದು ಪರಿಶೀಲಿಸಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಎರಡನೆಯ ಮಂಡಲಿಗೆ ಜಿಲ್ಲೆಯ ಆರೋಗ್ಯಾಧಿಕಾರಿಯು ವೈದ್ಯರೊಬ್ಬರನ್ನು ಹೆಸರಿಸಬೇಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಇದನ್ನು ಜಾರಿಗೊಳಿಸಲು ಆದೇಶ ಹೊರಡಿಸಿತು.

ಇದಿಷ್ಟನ್ನೂ ಕೇಳಿದ ಮೇಲೆ ನಾವು ಹಿರಿಯರನ್ನು ಅಂಜುತ್ತಲೇ ಕೇಳಿದೆವು: ರುಜು ಹಾಕಿದ್ದು ವಾಸಿಯಾಗದೆಂದು ವೈದ್ಯರು ಹೇಳಿದ್ದಕ್ಕೋ, ಹಣ ಮುಗಿದದ್ದಕ್ಕೋ? ಅವರು ಬಹಳ ಹೊತ್ತು ಸುಮ್ಮನಿದ್ದರು. "ಎರಡೂ ಇತ್ತು ಸ್ವಾಮಿ. ಎರಡೆಕರೆ ಹೋಗಿತ್ತು. ಯಾವುದು ಎಷ್ಟು ಅಂತ ನನಗೇ ಗೊತ್ತಿಲ್ಲ."

ಯಾವ ಮಂಡಲಿಯೂ ಇದನ್ನು ಅಳೆಯಲಾರದು. ಹಾಸಿಗೆಯ ದಿನದ ಲೆಕ್ಕ ಸಾವಿರಾರು ರೂಪಾಯಿಗಳಾಗಿರುವ ತನಕ, ಬಡವನ ಒಪ್ಪಿಗೆಯಲ್ಲಿ ಅವನ ಇಚ್ಛೆ ಎಷ್ಟು, ಬಡತನವೆಷ್ಟು ಎಂಬ ಅನುಮಾನ ಉಳಿದೇ ಉಳಿಯುತ್ತದೆ. ಅಣ್ಣನವರು ತಮ್ಮ ಮನಸ್ಸಿನಲ್ಲಿದ್ದುದನ್ನು ಮೊದಲೇ ಹೇಳಿದ್ದರೆ ತಮ್ಮನ ಹೆಗಲು ತುಸುವಾದರೂ ಹಗುರಾಗುತ್ತಿತ್ತು.

ಹಾಗೆ ಮೊದಲೇ ಬರೆದಿಡಲು ಕಾನೂನಿನಲ್ಲಿ ಅವಕಾಶವಿದೆಯೆಂದು ತಿಳಿಸಿದೆವು: ಸ್ವಸ್ಥ ಬುದ್ಧಿಯಲ್ಲಿರುವಾಗ ಇಬ್ಬರು ಸಾಕ್ಷಿಗಳ ಮುಂದೆ ರುಜು ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ, ಪಂಚಾಯಿತಿಯು ನೇಮಿಸಿದ ಅಧಿಕಾರಿಗೆ ಒಂದು ಪ್ರತಿಯನ್ನು ಒಪ್ಪಿಸಬೇಕು. ಹಿರಿಯರು ಎದ್ದು ಟವೆಲನ್ನು ಕೊಡವಿ ಹೆಗಲಿಗೇರಿಸಿದರು. "ಪಹಣಿ ಜತೆಗೆ ಪೆಟ್ಟಿಗೇಲೂ ಒಂದು ಇಡ್ತೀನಿ. ಏನೇನು ಬರೀಬೇಕು, ಹೇಳಿ" ಎಂದರು.