ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮಕ್ಕಳಿಗೆ ಪಶುವೈದ್ಯರಾಗುವ ದಾರಿ

ಕರಾವಳಿಯ ಕಥೋಲಿಕರಿಗೆ ಲಿಂಗಸುಗೂರು ತಾಲೂಕೆಂದರೆ ಮೊದಲು ನೆನಪಾಗುವುದು ಮುದಗಲ್ಲು ಮತ್ತು ಅಲ್ಲಿನ 16ನೇ ಶತಮಾನದ ಕ್ರೈಸ್ತ ಸಮುದಾಯ. ಕುರಿ ಸಾಕುವವರಿಗೆ ಈ ಸೀಮೆಯ ಗುರುತೇ ಬೇರೆ. ಕೆಂಗುರಿ ಎಂಬ ಕೆಂಪು ಕಂದು ಬಣ್ಣದ ಕುರಿ ತಳಿಯ ತವರು ಲಿಂಗಸುಗೂರು, ಸಿಂಧನೂರು ಮತ್ತು ನೆರೆಯ ಗಂಗಾವತಿ. ಆದರೂ ರಾಯಚೂರಿನಲ್ಲಿರುವುದು ಕೃಷಿ ವಿಶ್ವವಿದ್ಯಾಲಯ, ಪಶುವೈದ್ಯ ಕಾಲೇಜಲ್ಲ.

ಕಾಲೇಜು ಓದಿದ ವೈದ್ಯರು ಏಕೆ ಬೇಕು? ಒಂದು ಉದಾಹರಣೆ ಸಾಕು. ಹಿಂಡಿನಲ್ಲಿ ನಾಲ್ಕು ಕುರಿಗಳಿಗೆ ಜ್ವರ, ಬಾಯಲ್ಲಿ ಹುಣ್ಣು. ಅದು ಹಿರೇಬೇನೆ (ಪಿಪಿಆರ್) ಆಗಿರಬಹುದು, ನೀಲಿ ನಾಲಿಗೆ ರೋಗವೂ ಆಗಿರಬಹುದು. ಎರಡಕ್ಕೂ ವೈರಸ್ಸೇ ಕಾರಣ. ಆದರೆ ಹಿರೇಬೇನೆ ಕುರಿಯಿಂದ ಕುರಿಗೆ ನೇರ ಅಂಟುತ್ತದೆ, ಕಾಯಿಲೆಯ ಕುರಿಗಳನ್ನು ಕೂಡಲೇ ಬೇರ್ಪಡಿಸಬೇಕು. ನೀಲಿ ನಾಲಿಗೆಯನ್ನು ಹರಡುವುದು ಕಚ್ಚುವ ಸಣ್ಣ ನೊಣ. ಅದನ್ನು ತಡೆಯದೆ ಬೇರ್ಪಡಿಸಿದರಷ್ಟೇ ಸಾಲದು. ಅಂಗಡಿಯಿಂದ ತಂದು ಚುಚ್ಚಿದ ಆಂಟಿಬಯಾಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ಹಿಂಡೇ ಬ್ಯಾಂಕಾಗಿರುವ ಮನೆಯಲ್ಲಿ ಈ ವ್ಯತ್ಯಾಸ ತಿಳಿಯದಿದ್ದರೆ ಮಗಳ ಮದುವೆಯೂ ಮಗನ ಓದೂ ನಿಂತುಹೋಗುತ್ತವೆ.

ರಾಜ್ಯದ ಮೊದಲ ಪಶುವೈದ್ಯ ಕಾಲೇಜು 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಆರಂಭವಾಯಿತು. ಈ ಶಿಕ್ಷಣ ಬಹುಕಾಲ ಕೃಷಿ ವಿಶ್ವವಿದ್ಯಾಲಯಗಳ ಕೈಯಲ್ಲಿತ್ತು. 2004ರ ಕಾಯ್ದೆಯಿಂದ ಬೀದರಿನಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ರಚನೆಯಾಯಿತು. ನಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜೂ (1969) ಇದರದ್ದೇ. ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿಗಳಲ್ಲೂ ಪಶುವೈದ್ಯ ಕಾಲೇಜುಗಳಿವೆ. ಸಿಂಧನೂರಿನ ಕಡೆಯವರಿಗೆ ಬೀದರಿಗಿಂತ ಗದಗ ಹತ್ತಿರ.

ಪದವಿಯ ಅವಧಿ ಐದೂವರೆ ವರ್ಷ. ನಾಲ್ಕೂವರೆ ವರ್ಷ ಅಂಗರಚನೆ, ರೋಗಶಾಸ್ತ್ರ, ಸೂಕ್ಷ್ಮಾಣು ಶಾಸ್ತ್ರ, ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ, ಗರ್ಭಚಿಕಿತ್ಸೆ ಮುಂತಾದ ಪಾಠಗಳು. ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಮುಗಿದ ಮೇಲೆ ಪಶುವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 1984ರ ಕೇಂದ್ರ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದವರು ವೈದ್ಯವೃತ್ತಿ ನಡೆಸುವಂತಿಲ್ಲ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ, ಶೇ. 15 ಸೀಟುಗಳು ನೀಟ್ ಮೂಲಕ ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಹೊಲದಲ್ಲಿ ಬೆಳೆದ ಮಗುವಿಗೆ ಇದು ಹೆದರುವ ಪರೀಕ್ಷೆಯೇನಲ್ಲ. ಅರ್ಜಿಯಲ್ಲಿ ಆ ಕೋಟಾವನ್ನು ಕೇಳಲು ಮರೆಯಬಾರದು, ಅಷ್ಟೇ.

ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಬೇಕಾದವರಿಗೆ ಪಶುಸಂಗೋಪನಾ ಡಿಪ್ಲೊಮಾ ಇದೆ. ಇದರ ಒಂದು ಪಾಲಿಟೆಕ್ನಿಕ್ ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ದೋರನಹಳ್ಳಿಯಲ್ಲಿದೆ (ನಾವು ಹರಕೆ ಹೊತ್ತು ಹೋಗುವ ಸಂತ ಅಂತೋನಿಯವರ ಡೋರ್ನಹಳ್ಳಿ ಮೈಸೂರು ಕಡೆಯದು, ಗೊಂದಲ ಬೇಡ!). ಡಿಪ್ಲೊಮಾ ಪಡೆದವರು ವೈದ್ಯರಲ್ಲ. ವೈದ್ಯರ ಕೈಕೆಳಗೆ ಲಸಿಕೆ, ಪ್ರಥಮ ಚಿಕಿತ್ಸೆಯಂಥ ಕೆಲಸ ಮಾಡಬಹುದು.

ಅಲ್ಲಿ ಸೇವೆಯಲ್ಲಿರುವ ಧರ್ಮಗುರುಗಳು, ಧರ್ಮಭಗಿನಿಯರು ಗಮನಿಸಬೇಕಾದ ಇನ್ನೊಂದು ಸಂಗತಿ ಸಂವಿಧಾನದ 371(ಜೆ) ವಿಧಿ. ಇದರಂತೆ ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ಆ ಭಾಗದವರಿಗೆ ಮೀಸಲು. ಇದಕ್ಕೆ ಸಹಾಯಕ ಆಯುಕ್ತರ ಅರ್ಹತಾ ಪತ್ರ ಬೇಕು. ಕಚೇರಿ ಲಿಂಗಸುಗೂರಿನಲ್ಲಿದೆ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಓಡಾಡುವ ಬದಲು ದ್ವಿತೀಯ ಪಿಯುಸಿ ಆರಂಭದಲ್ಲೇ ಅದನ್ನು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.