ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ: ಎಲ್ಲಿ ಸಾಕು, ಎಲ್ಲಿ ಸಾಲದು



ಮಾಲೇಕಲ್ಲು ಬೆಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ ಕಳೆದ ಮಳೆಗಾಲದಲ್ಲಿ ಎರಡು ಹಸುಗಳಿಗೆ ಕೆಚ್ಚಲು ಬಾವು ಬಂದಿತ್ತು. ಮೊದಲನೆಯದು ಎರಡನೇ ಸೂಲಿನ ಎಚ್‌ಎಫ್. ಹಿಂದಿನ ಬಲಗಡೆಯ ಮೊಲೆಯಲ್ಲಿ ಹಾಲು ಒಡೆದು ಗರಣೆಗರಣೆಯಾಗಿ ಬರುತ್ತಿತ್ತು. ಆದರೆ ಜ್ವರ ಇರಲಿಲ್ಲ, ಮೇವು ಬಿಟ್ಟಿರಲಿಲ್ಲ. ನಾನು ಆ ಮನೆಯವರಿಗೆ ಲೋಳೆಸರ, ಅರಿಶಿನ, ಸುಣ್ಣದ ಲೇಪ ಹೇಳಿಕೊಟ್ಟೆ. ಆರನೇ ದಿನ ಹಾಲು ತಿಳಿಯಾಯಿತು. ಒಂದು ಇಂಜೆಕ್ಷನ್ನೂ ಬೇಕಾಗಲಿಲ್ಲ.

ಮುಂದಿನ ತಿಂಗಳು ಅದೇ ಬೀದಿಯಿಂದ ಇನ್ನೊಂದು ಕರೆ ಬಂತು. ಕರು ಹಾಕಿ ಐದು ದಿನವಾದ ಹಸು. ಮೂರು ದಿನದಿಂದ ಅದೇ ಲೇಪ ಹಚ್ಚಿದ್ದರು. ನಾನು ಹೋಗುವಷ್ಟರಲ್ಲಿ ಕೆಚ್ಚಲಿನ ಆ ಭಾಗ ತಣ್ಣಗಾಗಿ ನೀಲಿಗಟ್ಟಿತ್ತು. ಹಸು ಉಳಿಯಿತು, ಮೊಲೆ ಹೋಯಿತು. "ಪಕ್ಕದ ಮನೇಲಿ ಹುಷಾರಾಯ್ತಲ್ಲ ಡಾಕ್ಟ್ರೇ, ನಾವೂ ಅದನ್ನೇ ಹಚ್ಚಿದ್ವಿ" ಎಂದರು ಆ ತಾಯಿ. ಅವರ ತಪ್ಪೇನೂ ಇಲ್ಲ. ಔಷಧಿ ಹೇಳಿಕೊಟ್ಟ ನಾನು ಅದು ಎಲ್ಲಿಯವರೆಗೆ ಕೆಲಸ ಮಾಡುತ್ತದೆ ಎಂದು ಸಂಘದಲ್ಲಿ ನಾಲ್ಕು ಜನರ ಮುಂದೆ ಹೇಳಿರಲಿಲ್ಲ. ಮೂರು ಮೊಲೆಯ ಹಸುವಿಗೆ ಸಂತೆಯಲ್ಲಿ ಏನು ಬೆಲೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅದಕ್ಕೇ ಈ ಲೇಖನ.

ಓದುವಾಗ ನಮಗೆ ಕಲಿಸಿದ್ದು ಆ್ಯಂಟಿಬಯೋಟಿಕ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರಾದರೂ ಕೆಚ್ಚಲಿಗೆ ಅರಿಶಿನ ಬಳಿದಿದ್ದರೆ ಮೊದಲು ತೊಳೆಸುತ್ತಿದ್ದೆ. ಈಗ ನಾನೇ ಹಚ್ಚಿ ಎನ್ನುತ್ತೇನೆ. ಬೆಂಗಳೂರಿನ ಯಲಹಂಕದ ಬಳಿ ಇರುವ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಪ್ರೊ. ಎಂ.ಎನ್. ಬಾಲಕೃಷ್ಣನ್ ನಾಯರ್ ಮತ್ತು ತಂಜಾವೂರಿನಲ್ಲಿ ಪಶುವೈದ್ಯ ಗಿಡಮೂಲಿಕೆಗಳ ಮೇಲೆ ಕೆಲಸ ಮಾಡಿದ ಪ್ರೊ. ಎನ್. ಪುಣ್ಯಮೂರ್ತಿ ಅವರು ಹಳ್ಳಿಗಳಲ್ಲಿ ಬಳಕೆಯಲ್ಲಿದ್ದ ಮನೆಮದ್ದುಗಳನ್ನು ಪರಿಶೀಲಿಸಿ, ಅಳತೆ ಮತ್ತು ವಿಧಾನವನ್ನು ಒಂದು ಹದಕ್ಕೆ ತಂದರು. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಅದನ್ನು ಹಾಲು ಒಕ್ಕೂಟಗಳ ಮೂಲಕ ರೈತರಿಗೆ ತಲುಪಿಸಿತು. ನಾನು ಹೇಳುವ ಅಳತೆ ಅದೇ.

ದಿನಕ್ಕೆ 250 ಗ್ರಾಂ ಲೋಳೆಸರ, ಅಂದರೆ ಎರಡು ಮೂರು ದಪ್ಪ ಎಲೆ. ಅಂಚಿನ ಮುಳ್ಳು ತೆಗೆದು ಸಿಪ್ಪೆ ಸಮೇತ ಹೆಚ್ಚಿಕೊಳ್ಳಿ. 50 ಗ್ರಾಂ ಅರಿಶಿನ ಪುಡಿ. 15 ಗ್ರಾಂ ಸುಣ್ಣ. ಮೂರನ್ನೂ ಸೇರಿಸಿ ರುಬ್ಬಿದರೆ ಕೆಂಪಗಿನ ಮುದ್ದೆಯಾಗುತ್ತದೆ. ಕೆಚ್ಚಲನ್ನು ತೊಳೆದು, ಬಾವು ಬಂದ ಮೊಲೆಯ ಹಾಲನ್ನು ಪೂರ್ತಿ ಹಿಂಡಿ ತೆಗೆಯಿರಿ. ಒಂದು ಹಿಡಿ ಮುದ್ದೆಗೆ 150ರಿಂದ 200 ಮಿ.ಲೀ. ನೀರು ಬೆರೆಸಿ ತೆಳ್ಳಗೆ ಮಾಡಿ ಕೆಚ್ಚಲಿಗೆಲ್ಲ ಬಳಿಯಿರಿ. ಬಾವು ಒಂದೇ ಮೊಲೆಗೆ ಇದ್ದರೂ ನಾಲ್ಕೂ ಭಾಗಕ್ಕೆ ಹಚ್ಚಬೇಕು. ಹೀಗೆ ದಿನಕ್ಕೆ ಹತ್ತು ಸಲ, ಕನಿಷ್ಠ ಐದು ದಿನ. ಪ್ರತಿ ದಿನ ಹೊಸದಾಗಿ ರುಬ್ಬಬೇಕು.

ಹತ್ತು ಸಲ ಎಂದಾಗ ಗಂಡಸರು ತಲೆಯಾಡಿಸುತ್ತಾರೆ, ಹೆಂಗಸರು ನನ್ನ ಮುಖ ನೋಡುತ್ತಾರೆ. ಹಚ್ಚುವವರು ಯಾರು ಎಂದು ಅವರಿಗೆ ಗೊತ್ತು! ಆದರೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಳಿದು "ಗುಣ ಕಾಣಲಿಲ್ಲ" ಎಂದರೆ ಅದನ್ನು ಒಪ್ಪುವುದು ಕಷ್ಟ. ತೆಳ್ಳನೆಯ ಲೇಪ ಬೇಗ ಒಣಗುತ್ತದೆ, ಹಸು ಮಲಗಿದರೆ ಒರೆಸಿಹೋಗುತ್ತದೆ. ಮನೆಯವರು ಸರದಿ ಮಾಡಿಕೊಳ್ಳಿ.

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ನೀವು ಮದುವೆ, ನಾಮಕರಣಗಳ ಆರತಿ ತಟ್ಟೆಯಲ್ಲಿ ನೋಡಿದ್ದೀರಿ. ಅರಿಶಿನದ ಹಳದಿ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. 1815ರಲ್ಲೇ ಯುರೋಪಿನ ರಸಾಯನ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ನೂರು ಗ್ರಾಂ ಅರಿಶಿನದಲ್ಲಿ ಅದು ಇರುವುದು ಸುಮಾರು 3 ಗ್ರಾಂ ಮಾತ್ರ. ಅದು ನೀರಿನಲ್ಲಿ ಕರಗುವುದಿಲ್ಲ, ಕ್ಷಾರದಲ್ಲಿ ಕರಗುತ್ತದೆ. ಸುಣ್ಣ ಮಾಡುವ ಕೆಲಸ ಅದೇ. ಆದರೆ ಕ್ಷಾರದಲ್ಲಿ ಕರಗಿದ ಕರ್ಕ್ಯುಮಿನ್ ಬೇಗ ಕೆಡುತ್ತದೆ ಕೂಡ. ಒಂದೇ ಸಲ ಐದು ದಿನದ್ದು ರುಬ್ಬಿ ಇಟ್ಟುಕೊಳ್ಳುವವರು ಇದನ್ನು ಗಮನಿಸಿ. ಇನ್ನು ಲೋಳೆಸರದ ತಿರುಳು ಬಹುಪಾಲು ನೀರೇ. ಉಳಿದಿರುವ ಲೋಳೆ ಅಂಶ ಲೇಪವನ್ನು ಚರ್ಮಕ್ಕೆ ಹಿಡಿಸುತ್ತದೆ, ಉರಿ ತಣಿಸುತ್ತದೆ.

ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ಸಿ.ಎಸ್.ಐ.ಆರ್. ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದನ್ನು ಸಾಬೀತು ಮಾಡಲು ಎರಡು ವರ್ಷ ಬೇಕಾಯಿತು.

ಹೊರಗೆ ಹಚ್ಚಿದ ಲೇಪ ಕೆಚ್ಚಲಿನ ಒಳಗಿರುವ ಕೀಟಾಣುವನ್ನು ನೇರವಾಗಿ ಕೊಲ್ಲುತ್ತದೆ ಎಂದು ಮಾತ್ರ ನಾನು ಹೇಳಲಾರೆ. ಒಳಗಿನ ಹೋರಾಟ ಹಸುವಿನ ಬಿಳಿ ರಕ್ತಕಣಗಳದ್ದು. ಬಾವು ಇಳಿದರೆ, ಕೆಟ್ಟ ಹಾಲನ್ನು ಮತ್ತೆ ಮತ್ತೆ ಹಿಂಡಿ ಹೊರಗೆ ಹಾಕಿದರೆ ಆ ಹೋರಾಟ ಹಗುರವಾಗುತ್ತದೆ. ಕೀಟಾಣು ಗೆಲ್ಲುತ್ತಿರುವಾಗ ಇದು ಸಾಲದು. ಹಸುವಿನ ಮೈ ಬಿಸಿ ಸಾಮಾನ್ಯವಾಗಿ 101.5 ಡಿಗ್ರಿ ಆಸುಪಾಸು ಇರುತ್ತದೆ. 103 ದಾಟಿದ್ದರೆ, ಮೇವು ಬಿಟ್ಟಿದ್ದರೆ, ಹಾಲಿನ ಬದಲು ನೀರಿನಂಥ ಅಥವಾ ರಕ್ತ ಬೆರೆತ ದ್ರವ ಬರುತ್ತಿದ್ದರೆ, ಕೆಚ್ಚಲು ಕಲ್ಲಿನಂತೆ ಗಟ್ಟಿಯಾಗಿದ್ದರೆ, ತಣ್ಣಗಾಗಿದ್ದರೆ, ಹಸು ಏಳದಿದ್ದರೆ ಲೇಪ ರುಬ್ಬುತ್ತ ಕೂರಬೇಡಿ, ಆಗಲೇ ಫೋನ್ ಮಾಡಿ. ಕರು ಹಾಕಿದ ಮೊದಲ ವಾರದ ಹಸುವಾದರೆ ಈ ಯಾವ ಲಕ್ಷಣ ಇಲ್ಲದಿದ್ದರೂ ಫೋನ್ ಮಾಡಿ. ಇ. ಕೋಲೈ ಎಂಬ ಸಗಣಿಯ ಕೀಟಾಣು ಕೆಚ್ಚಲು ಸೇರಿದರೆ ಒಂದೇ ದಿನದಲ್ಲಿ ಹಸುವನ್ನು ಮಲಗಿಸಬಲ್ಲದು. ಲಕ್ಷಣ ಸೌಮ್ಯವಾಗಿದ್ದರೂ ಎರಡು ದಿನ ಲೇಪ ಹಚ್ಚಿ ಇಳಿಮುಖ ಕಾಣದಿದ್ದರೆ ಮೂರನೇ ದಿನಕ್ಕೆ ಕಾಯಬೇಡಿ.

ಹಾಗಾದರೆ ಎಲ್ಲಕ್ಕೂ ಟ್ಯೂಬ್ ಏರಿಸಿಬಿಡಬಹುದಲ್ಲ ಎಂದು ಕೇಳುತ್ತೀರಿ. ಒಂದು ಮೊಲೆಗೆ ಏರಿಸಿದ ಔಷಧಿ ರಕ್ತ ಸೇರಿ ಉಳಿದ ಮೂರರ ಹಾಲಿಗೂ ಬರುತ್ತದೆ. ಟ್ಯೂಬಿನ ಮೇಲೆ ಬರೆದಷ್ಟು ದಿನ ನಾಲ್ಕೂ ಮೊಲೆಯ ಹಾಲನ್ನು ಚೆಲ್ಲಬೇಕು. ಆ ಹಾಲು ಕ್ಯಾನಿಗೆ ಬಿದ್ದರೆ ಮೊಸರು ಹೆಪ್ಪುಗಟ್ಟುವುದಿಲ್ಲ. ಕುಡಿದ ಮಗುವಿನ ಹೊಟ್ಟೆಗೂ ಔಷಧಿ ಹೋಗುತ್ತದೆ. ಪದೇ ಪದೇ ಬಳಸಿದರೆ ನಿಜವಾಗಿ ಬೇಕಾದ ದಿನ ಅದು ಕೆಲಸಕ್ಕೆ ಬರುವುದಿಲ್ಲ. ಹಾಗೆಂದು ಬಾವು ಬಂದ ಮೊಲೆಯ ಹಾಲನ್ನು, ಲೇಪವನ್ನಷ್ಟೇ ಹಚ್ಚಿದ್ದೇವೆ ಎಂದು ಸಂಘಕ್ಕೆ ಹಾಕುವುದೂ ಸರಿಯಲ್ಲ. ಆ ಹಾಲನ್ನು ಕೊಟ್ಟಿಗೆಯ ನೆಲಕ್ಕೂ ಚೆಲ್ಲಬೇಡಿ, ಅದರಲ್ಲಿರುವ ಕೀಟಾಣು ಪಕ್ಕದ ಹಸುವಿಗೆ ಹತ್ತುತ್ತದೆ. ಕರೆಯುವ ಮೊದಲು ಲೇಪವನ್ನು ಚೆನ್ನಾಗಿ ತೊಳೆದು ಒರೆಸಿ. ಹಾಲಿಗೆ ಸುಣ್ಣ ಸೇರಿದರೆ ಪರೀಕ್ಷೆಯಲ್ಲಿ ನೀವು ಕಲಬೆರಕೆ ಮಾಡಿದಂತೆ ಕಾಣುತ್ತದೆ.

ಇನ್ನೂ ಕೆಲವು ಮಾತು. ನಮ್ಮ ಕಡೆ ಬೇಲಿಯಲ್ಲಿ ಬೆಳೆಯುವ ಕತ್ತಾಳೆಯನ್ನು ಲೋಳೆಸರ ಎಂದುಕೊಂಡು ಒಬ್ಬರು ರುಬ್ಬಿದ್ದರು. ಕತ್ತಾಳೆ ರಸ ಚರ್ಮಕ್ಕೆ ತುರಿಕೆ, ಉರಿ ತರುತ್ತದೆ. ದೃಷ್ಟಿಗೆಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟುತ್ತೀರಲ್ಲ, ಅದು ಲೋಳೆಸರ. ಸುಣ್ಣ ಎಂದರೆ ಎಲೆ ಅಡಿಕೆಗೆ ಹಚ್ಚುವ ನೀರು ಸುಣ್ಣ. ಸುಟ್ಟ ಸುಣ್ಣದ ಕಲ್ಲನ್ನು ಹಾಗೇ ಹಾಕಿದರೆ ಕೆಚ್ಚಲು ಸುಡುತ್ತದೆ. ಹದಿನೈದು ಗ್ರಾಂ ಎಂದರೆ ಎಷ್ಟು ಎಂದು ಒಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ನೋಡಿಕೊಳ್ಳಿ. ಅರಿಶಿನ ಪುಡಿಗೆ ಬಣ್ಣ ಬೆರೆಸುವವರಿದ್ದಾರೆ, ಕೊಂಬು ತಂದು ಪುಡಿ ಮಾಡಿಕೊಂಡರೆ ಒಳ್ಳೆಯದು. ಲೇಪದ ಜೊತೆಗೆ ದಿನಕ್ಕೆ ಎರಡು ಹೊತ್ತು ಎರಡೆರಡು ನಿಂಬೆಹಣ್ಣನ್ನು ಹೋಳು ಮಾಡಿ ಮೂರು ದಿನ ತಿನ್ನಿಸಲೂ ಹೇಳುತ್ತಾರೆ. ಅದರ ಮೇಲೆ ನನಗೆ ಅಂಥ ಭರವಸೆಯಿಲ್ಲ, ಆದರೆ ತೊಂದರೆಯೇನೂ ಇಲ್ಲ.

ಹಾಲು ಕರೆದ ಮೇಲೆ ಮೊಲೆಯ ತುದಿಯ ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆ ಹೊತ್ತಿಗೆ ರಾಗಿ ಹುಲ್ಲನ್ನೋ ಹಸಿ ಮೇವನ್ನೋ ಮುಂದೆ ಹಾಕಿ ಹಸುವನ್ನು ನಿಲ್ಲಿಸಿಕೊಳ್ಳಿ. ಬಾವು ಇರುವ ಹಸುವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕರೆಯಿರಿ.

ಐದು ದಿನಕ್ಕೆ ಹತ್ತು ಹದಿನೈದು ಎಲೆ ಬೇಕು. ಬಾಗಿಲಿಗೆ ಕಟ್ಟಿದ ಒಂದು ಗಿಡದಿಂದ ಆಗದು. ತೆಂಗಿನ ತೋಟದ ಬದುವಿನಲ್ಲಿ ನೀರು ನಿಲ್ಲದ ಕಡೆ ನಾಲ್ಕೈದು ಮರಿ ನೆಡಿ. ಮರಿ ಬೇಕಾದವರು ನಿಮ್ಮ ಸಂಘದ ಕಾರ್ಯದರ್ಶಿಗೆ ಹೇಳಿಡಿ. ಮುಂದಿನ ಸಲ ಆ ಕಡೆ ಬರುವಾಗ ನನ್ನ ಹಿತ್ತಿಲಿನವನ್ನು ಜೀಪಿನಲ್ಲಿ ಹಾಕಿಕೊಂಡು ಬರುತ್ತೇನೆ.