ಮಲೆನಾಡಿನ ಶಾಲೆಯಲ್ಲಿ ಒಕಿನಾವಾದ ಪಾಠ

ಆಷಾಢದ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಭಾನುವಾರ ಬೆಳಗ್ಗೆ, ಸಾಗರದಲ್ಲಿರುವ ಬಂಧುಗಳ ಮೊಮ್ಮಗನನ್ನು ಕರಾಟೆ ಕ್ಲಾಸಿಗೆ ಬಿಟ್ಟುಬರಲೆಂದು ಹೋದ ನಾನು, ಕ್ಲಾಸು ಮುಗಿಯುವವರೆಗೂ ಅಲ್ಲಿಂದ ಕದಲಲಾರದೆ ಹೋದೆನು. ಅದು ಊರಿನ ಹಳೆಯ ಶಾಲೆಯೊಂದರ ಸಭಾಂಗಣ. ಡೆಸ್ಕುಗಳನ್ನೆಲ್ಲ ಗೋಡೆಗೊತ್ತಿ ಪೇರಿಸಿ ತೆರವು ಮಾಡಿದ್ದ ಕೆಂಪು ಗಾರೆಯ ನೆಲದ ಮೇಲೆ ಬಿಳಿಯ ಉಡುಪಿನ ಮಕ್ಕಳು, ಅರ್ಧಕ್ಕೂ ಮಿಕ್ಕಿ ಹೆಣ್ಣುಮಕ್ಕಳು, ಸಾಲುಸಾಲಾಗಿ ನಿಂತು, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನೂ ಮೀರಿಸುವಂತೆ ‘ಇಚಿ, ನಿ, ಸಾನ್, ಶಿ’ ಎಂದು ಎಣಿಸುತ್ತ ಮುಷ್ಟಿಗಳನ್ನು ಮುಂದಕ್ಕೆ ಚಾಚುತ್ತಿದ್ದರು.

ಹಿಂದಿನ ಸಾಲಿನಲ್ಲಿ ಒಬ್ಬ ಪುಟ್ಟ ಬಾಲಕನ ಬೆಲ್ಟು ಕಳಚಿಬಿದ್ದಿತು. ಮಕ್ಕಳು ‘ಸರ್’ ಎಂದೇ ಕರೆಯುವ, ‘ಸೆನ್ಸೈ’ ಎಂಬ ಗೌರವನಾಮವನ್ನು ವಂದನೆಯ ವೇಳೆಗೆ ಮೀಸಲಿಟ್ಟಿರುವ ಆ ಗುರುಗಳು, ಎಣಿಕೆಯನ್ನು ಹಿರಿಯ ವಿದ್ಯಾರ್ಥಿನಿಯೊಬ್ಬಳಿಗೆ ಒಪ್ಪಿಸಿ, ಅವನೆದುರು ಮಂಡಿಯೂರಿ ಕುಳಿತು, ಪಟ್ಟಿಯ ನಡುವನ್ನು ಹುಡುಕಿ ಹೊಕ್ಕುಳ ಮೇಲಿರಿಸಿ, ಎರಡು ತುದಿಗಳನ್ನೂ ಬೆನ್ನ ಹಿಂದಿನಿಂದ ಸುತ್ತಿ ಮುಂದಕ್ಕೆ ತಂದು, ಒಂದನ್ನು ಎರಡೂ ಸುತ್ತುಗಳ ಕೆಳಗಿಂದ ತೂರಿಸಿ ಗಂಟು ಬಿಗಿದರು. ಅನಂತರ ಅದನ್ನು ಪೂರ್ತಿ ಬಿಚ್ಚಿ ಅವನ ಕೈಗೇ ಕೊಟ್ಟರು.

“ಈಗ ನೀನು ಕಟ್ಟು ಮರಿ. ಎರಡು ತುದೀನೂ ಸಮ ಬರ್ಬೇಕು.”

ಒಂದು ತುದಿ ಮೊಣಕಾಲಿಗೂ ಇನ್ನೊಂದು ಗೇಣುದ್ದಕ್ಕೂ ಬಂದಿತು; ಮತ್ತೆ ಬಿಚ್ಚಿದನು; ಮತ್ತೆ ಕಟ್ಟಿದನು. ತುದಿಗಳು ಸಮವಾಗುವತನಕ ಗುರುಗಳು ಏಳಲಿಲ್ಲ.

ವಿರಾಮದಲ್ಲಿ ಅವರು ನನಗೆ ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ಒಂದು ಕಡತವನ್ನು ತೋರಿಸಿದರು. ಕ್ಲಬ್ಬಿನ ಚರಿತ್ರೆಯೆಲ್ಲ ಅದರಲ್ಲೇ ಅಡಗಿದೆ. ಎಂಬತ್ತರ ದಶಕದಲ್ಲಿ, ಬ್ರೂಸ್ ಲೀಯ ಚಿತ್ರಗಳು ಊರೂರಿನ ಟಾಕೀಸುಗಳಲ್ಲಿ ತರುಣರ ನೆತ್ತರನ್ನು ಬಿಸಿಮಾಡಿದ್ದ ಕಾಲದಲ್ಲಿ, ಶಿವಮೊಗ್ಗದಲ್ಲಿ ಕಲಿತು ಬಂದ ಇಬ್ಬರು ಗೆಳೆಯರು ಬಯಲಿನಲ್ಲಿ ಆರಂಭಿಸಿದ ಈ ಅಭ್ಯಾಸವು, ಮಳೆಗಾಲಕ್ಕೆ ಅಕ್ಕಿಗಿರಣಿಯ ಜಗಲಿಗೂ, ಲಗ್ನವಿಲ್ಲದ ದಿನಗಳಲ್ಲಿ ಕಲ್ಯಾಣ ಮಂಟಪಕ್ಕೂ ಅಲೆದು, ಕಡೆಗೆ ಈ ಶಾಲೆಯಲ್ಲಿ ನೆಲೆಗೊಂಡಿತು. ಕಡತದ ಹಳೆಯ ಚಿತ್ರಗಳಲ್ಲೆಲ್ಲ ಗಣೇಶೋತ್ಸವದ ವೇದಿಕೆ, ಮಂಗಳೂರು ಹೆಂಚುಗಳ ಅಟ್ಟಿ, ಅದನ್ನು ಒಡೆಯಲು ಎತ್ತಿದ ಕೈ. ಆ ಪ್ರದರ್ಶನಗಳ ಬಗೆಗೆ ನನಗೆಂದೂ ಆದರವಿಲ್ಲ. ಟಾಕೀಸಿನ ತೆರೆಯ ಮೇಲೆ ಬ್ರೂಸ್ ಲೀ ತೋರಿಸಿದ್ದು ಚೀನೀಯ ಕುಂಗ್ ಫೂ ಪರಂಪರೆಯ ವಿದ್ಯೆ. ಅದನ್ನು ನೋಡಿ ಬಂದವರು ಕಲಿತದ್ದು ಬಹುಮಟ್ಟಿಗೆ ಒಕಿನಾವಾದ ಕರಾಟೆ. ಹೆಂಚು ಒಡೆಯುವುದನ್ನು ನಿಲ್ಲಿಸಿ ಬಹಳ ವರ್ಷಗಳಾದುವೆಂದು ಗುರುಗಳು ಹೇಳಿದಾಗ ನನಗೆ ಸಂತೋಷವೇ ಆಯಿತು.

ಅನಂತರ ಕಟಾ ಆರಂಭವಾಯಿತು. ಎದುರಾಳಿಯಿಲ್ಲದೆ ಒಬ್ಬರೇ ನಡೆಸುವ, ತಡೆಗಳೂ ಹೊಡೆತಗಳೂ ತಿರುವುಗಳೂ ನಿಯತಕ್ರಮದಲ್ಲಿ ಪೋಣಿಸಿರುವ ಈ ಅಭ್ಯಾಸದಲ್ಲಿ ಮೊದಲನೆಯದಾದ ‘ಹೇಯಾನ್ ಶೋದಾನ್’ಗೆ ಇಪ್ಪತ್ತೊಂದು ಚಲನೆಗಳು. ಒಂಬತ್ತರ ವಯಸ್ಸಿನ ಒಬ್ಬಳು ಹುಡುಗಿಯನ್ನು ಮುಂದೆ ಕರೆದು, ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದ ಗುರುತಿನ ಮೇಲೆ ನಿಲ್ಲಿಸಿದರು. ಎಡಕ್ಕೆ ತಿರುಗಿ ಕೆಳಗಿನ ತಡೆ, ಒಂದು ಹೆಜ್ಜೆ, ಒಂದು ಮುಷ್ಟಿ; ಹಿಂದಿರುಗಿ ಮತ್ತೆ ಅದೇ; ನಡುಸಾಲಿನಲ್ಲಿ ಮುಂದುವರಿಯುತ್ತ ಹಣೆಗೆ ಮೇಲಾಗಿ ಮೂರು ತಡೆಗಳು, ಮೂರನೆಯದರಲ್ಲಿ ಒಂದು ಕೂಗು; ಹಿಂದಕ್ಕೆ ಬರುವಾಗ ಮೂರು ಮುಷ್ಟಿಗಳು, ಅಲ್ಲಿಯೂ ಮೂರನೆಯದಕ್ಕೆ ಕೂಗು. ಕೊನೆಯ ಚಲನೆ ಮುಗಿಸಿ ನೆಟ್ಟಗೆ ನಿಂತಾಗ ಆಕೆ ಹೊರಟ ಗುರುತಿನಿಂದ ಒಂದು ಮೊಳ ಆಚೆಗಿದ್ದಳು. ಗುರುಗಳು ಏನನ್ನೂ ಹೇಳದೆ ಬೆರಳಿನಿಂದ ಗುರುತನ್ನು ತೋರಿದರು. ಎಲ್ಲಿ ಹೊರಟರೋ ಅಲ್ಲಿಗೇ ಬಂದು ನಿಲ್ಲಬೇಕೆಂಬುದು ಈ ಕಟಾದ ನಿಯಮ. ಬರದಿದ್ದರೆ ಯಾವುದೋ ಹೆಜ್ಜೆ ಗಿಡ್ಡವಾಯಿತು ಅಥವಾ ಉದ್ದವಾಯಿತು. ಆಕೆ ತುಟಿ ಕಚ್ಚಿ ಮತ್ತೆ ಮೊದಲಿನಿಂದ ಆರಂಭಿಸಿದಳು.

ಆಗಲೇ ಭದ್ರಾವತಿಯಿಂದ ಈಚೆಗೆ ಬಂದು ಸೇರಿದ್ದ ಹುಡುಗನೊಬ್ಬನು ಕೈಯೆತ್ತಿದನು.

“ಸರ್, ನಮ್ಮ ಹಳೇ ಕ್ಲಾಸಲ್ಲಿ ಇದಕ್ಕೆ ಪಿನಾನ್ ನಿದಾನ್ ಅಂತಿದ್ರು. ಅಂದ್ರೆ ಎರಡನೇದು. ಆದ್ರೆ ಮೊದಲು ಕಲಿಸಿದ್ದು ಇದನ್ನೇ.”

“ಅವರದು ವಾಡೋ ಪಂಥ, ನಮ್ಮದು ಶೋಟೋಕಾನ್ ಕಣೋ. ಕಟಾ ಒಂದೇ,” ಎಂದು ಹೇಳಿ ಅವರು ಅಭ್ಯಾಸ ಮುಂದುವರಿಸಿದರು. ನನಗಾದರೋ ಆ ಪ್ರಶ್ನೆಯನ್ನು ಬಿಡಲಾಗಲಿಲ್ಲ. ಎರಡನೆಯದನ್ನು ಮೊದಲು ಏಕೆ ಕಲಿಸಬೇಕು? ಎರಡನೆಯದು ಇನ್ನೊಂದೆಡೆ ಮೊದಲನೆಯದಾದದ್ದು ಹೇಗೆ? ಆ ಎಳೆಯನ್ನು ಹಿಡಿದು ಹೊರಟರೆ ಅದು ನೇರವಾಗಿ ಇನ್ನೊಂದು ಶಾಲೆಯ ಅಂಗಳಕ್ಕೆ ಕರೆದೊಯ್ಯುತ್ತದೆ.

ಒಕಿನಾವಾ ದ್ವೀಪದ ಶೂರಿ ನಗರದಲ್ಲಿ ಇತೋಸು ಅಂಕೋ (೧೮೩೧–೧೯೧೫) ಎಂಬ ಹಿರಿಯರಿದ್ದರು. ಅಲ್ಲಿಯವರೆಗೆ ಕರಾಟೆಯು ಗುರುವಿನ ಮನೆಯ ಹಿತ್ತಲಿನಲ್ಲಿ ಕೆಲವೇ ಶಿಷ್ಯರಿಗೆ ದೊರೆಯುತ್ತಿದ್ದ ವಿದ್ಯೆ. ಅದನ್ನು ೧೯೦೧ರಲ್ಲಿ ಶೂರಿಯ ಪ್ರಾಥಮಿಕ ಶಾಲೆಗೂ, ೧೯೦೫ರಲ್ಲಿ ಮಾಧ್ಯಮಿಕ ಶಾಲೆಗೂ ತಂದ ಕೀರ್ತಿ ಅವರದು. ಹಳೆಯ ದೀರ್ಘ ಕಟಾಗಳು ಎಳೆಯರಿಗೆ ದುಸ್ಸಾಧ್ಯವೆಂದು ಕಂಡು, ವಿದ್ಯಾರ್ಥಿಗಳಿಗಾಗಿಯೇ ಐದು ಚಿಕ್ಕ ಕಟಾಗಳನ್ನು ಅವರು ರಚಿಸಿದರು; ಅವೇ ಪಿನಾನ್ ಕಟಾಗಳು. ಆ ಕ್ರಮದಲ್ಲಿ ಮೊದಲನೆಯದು ತುಸು ಕ್ಲಿಷ್ಟ, ಎರಡನೆಯದು ಸರಳ. ಅವರ ಬಳಿ ಕಲಿತ ಫುನಾಕೋಶಿ ಗಿಚಿನ್ (೧೮೬೮–೧೯೫೭) ವೃತ್ತಿಯಿಂದ ಶಾಲಾ ಉಪಾಧ್ಯಾಯರು. ೧೯೨೨ರಲ್ಲಿ ಟೋಕಿಯೋದಲ್ಲಿ ನಡೆದ ದೈಹಿಕ ಶಿಕ್ಷಣದ ಪ್ರದರ್ಶನಕ್ಕಾಗಿ ಹೋಗಿ ಅಲ್ಲಿಯೇ ಉಳಿದು ಶೋಟೋಕಾನ್ ಪಂಥಕ್ಕೆ ಮೂಲರಾದ ಅವರು, ಮುಂದೆ ಈ ಕಟಾಗಳಿಗೆ ಹೇಯಾನ್ ಎಂದು ಹೆಸರಿಟ್ಟು, ಸರಳವಾದ ಎರಡನೆಯದನ್ನು ಮೊದಲಿಗೆ ತಂದು, ಮೊದಲನೆಯದನ್ನು ಎರಡನೆಯ ಸ್ಥಾನಕ್ಕೆ ಸರಿಸಿದರು. ಅವರಲ್ಲಿಯೇ ಕಲಿತು ವಾಡೋ ಪಂಥವನ್ನು ಸ್ಥಾಪಿಸಿದ ಓತ್ಸುಕಾ ಹಿರೋನೋರಿ ಹಳೆಯ ಹೆಸರನ್ನೂ ಹಳೆಯ ಸಂಖ್ಯೆಯನ್ನೂ ಬಿಡಲಿಲ್ಲ. ಆದರೆ ಆ ಪಂಥದಲ್ಲಿಯೂ ಮಕ್ಕಳು ಮೊದಲು ಕಲಿಯುವುದು ಸರಳವಾದ ಆ ಎರಡನೆಯದನ್ನೇ. ಹೀಗೆ ಒಬ್ಬರು ಸಂಖ್ಯೆಯನ್ನು ಬದಲಿಸಿ, ಇನ್ನೊಬ್ಬರು ಬದಲಿಸದೆ, ಮಗುವಿನ ಮುಂದೆ ಇಟ್ಟದ್ದು ಒಂದೇ ಪಾಠವನ್ನು. ಅ ಆ ಇ ಈ ತಿದ್ದಿಸಿದ ಮೇಲಲ್ಲವೆ ಒತ್ತಕ್ಷರ? ಮಕ್ಕಳಿಗೆ ಕಲಿಸಿ ಪಳಗಿದ ಕೈಗಳು ಮಾಡಿದ ವ್ಯವಸ್ಥೆ ಇದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಇದನ್ನು ತಿಳಿದ ಮೇಲೆ, ಪಟ್ಟಣದ ಕರಾಟೆ ಕ್ಲಾಸೆಂದರೆ ಯೋಧರ ಮಹಾವಿದ್ಯೆಯೊಂದು ಮಕ್ಕಳ ಆಟವಾಗಿ ಇಳಿದುಬಂದದ್ದೆಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪಲಾರೆ. ಸಾಗರದ ಆ ಹುಡುಗಿ ಮಾಡಿದ ಕಟಾ ಹುಟ್ಟಿದ್ದೇ ಶಾಲೆಯ ಮಕ್ಕಳಿಗಾಗಿ. ಸಮುದ್ರಗಳನ್ನು ದಾಟಿ, ಶತಮಾನವನ್ನು ಮೀರಿ, ಅದು ಮತ್ತೊಂದು ಶಾಲೆಯ ನೆಲವನ್ನೇ ಸೇರಿದೆ.

ಬೆಲ್ಟುಗಳ ವಿಷಯದಲ್ಲಿ ಮಾತ್ರ ನನ್ನ ಉತ್ಸಾಹ ಅಷ್ಟಿಲ್ಲ. ಬೆವರು ಧೂಳುಗಳಿಂದ ಬಿಳಿಯ ಪಟ್ಟಿ ತಾನಾಗಿ ಕಪ್ಪಾಗುತ್ತಿತ್ತೆಂಬ ಕಥೆಯನ್ನು ಎಲ್ಲ ಕ್ಲಾಸುಗಳಲ್ಲೂ ಹೇಳುತ್ತಾರೆ. ಅದು ಕಥೆ ಮಾತ್ರ. ಕಪ್ಪು ಪಟ್ಟಿಯ ಪದ್ಧತಿ ಜೂಡೋದ ಸ್ಥಾಪಕ ಕಾನೋ ಜಿಗೊರೋ ಅವರದು. ಅದನ್ನು ಸ್ವೀಕರಿಸಿ ೧೯೨೪ರಲ್ಲಿ ಫುನಾಕೋಶಿ ತಮ್ಮ ಶಿಷ್ಯರಿಗೆ ಮೊದಲ ಬಾರಿಗೆ ಕಪ್ಪು ಪಟ್ಟಿ ನೀಡಿದರು. ನಡುವಣ ಹಳದಿ, ಕಿತ್ತಳೆ, ಹಸಿರುಗಳು ಯೂರೋಪಿನ ಜೂಡೋ ಶಾಲೆಗಳಲ್ಲಿ ಬಳಕೆಗೆ ಬಂದು ಹರಡಿದುವು. ಬಾಗಿಲ ಬಳಿ ಕೊಡೆ ಹಿಡಿದು ನಿಂತಿದ್ದ ತಾಯಿಯೊಬ್ಬರು “ಮುಂದಿನ ಬೆಲ್ಟ್ ಟೆಸ್ಟ್ ಯಾವಾಗ ಸರ್?” ಎಂದು ಕೇಳಿದಾಗ, ಗುರುಗಳು “ಕಟಾ ಗುರುತಿಗೆ ಬಂದು ನಿಂತಾಗ ಅಮ್ಮ” ಎಂದರು. ತಿಂಗಳು ಲೆಕ್ಕ ಹಾಕಿ ಬಣ್ಣ ಹಂಚುವ ಕ್ಲಾಸುಗಳನ್ನೂ ನಾನು ಕಂಡಿರುವುದರಿಂದ ಆ ಉತ್ತರ ನನಗೆ ಬಹಳ ಪ್ರಿಯವಾಯಿತು.

ತಿಂಗಳ ಲೆಕ್ಕದ ಈ ಅವಸರ ಇತೋಸು ಅವರದಲ್ಲ; ಅವರು ೧೯೦೮ರಲ್ಲಿ ಒಕಿನಾವಾದ ಶಿಕ್ಷಣಾಧಿಕಾರಿಗಳಿಗೆ ಹತ್ತು ಅಂಶಗಳ ಒಂದು ಪತ್ರ ಬರೆದರು. ದಿನಕ್ಕೆ ಒಂದೆರಡು ಗಂಟೆಯ ಅಭ್ಯಾಸವನ್ನು ಮೂರು ನಾಲ್ಕು ವರ್ಷ ನಡೆಸಿದರೆ ದೇಹವು ಬೇರೆಯೇ ಆಗುವುದೆಂದೂ, ಉಪಾಧ್ಯಾಯರ ತರಬೇತಿಶಾಲೆಯಲ್ಲಿ ಇದನ್ನು ಕಲಿಸಿದರೆ ಅವರ ಮೂಲಕ ಎಲ್ಲ ಶಾಲೆಗಳಿಗೂ ಹರಡುವುದೆಂದೂ ಅದರಲ್ಲಿ ಹೇಳಿದ್ದಾರೆ. ನಮ್ಮಲ್ಲಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿಯ ಹೆಸರಿನಲ್ಲಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಪಾಠ ನಡೆಯುತ್ತದೆ. ಅದು ಸ್ತುತ್ಯವಾದ ಕೆಲಸ; ಆದರೆ ಮೂರು ತಿಂಗಳಲ್ಲಿ ಮಗು ಗುರುತಿಗೆ ಮರಳಿ ಬರುವುದನ್ನೂ ಕಲಿತಿರುವುದಿಲ್ಲ. ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿಯೂ ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರಲ್ಲಿಯೂ ನನ್ನದೊಂದು ವಿನಂತಿ: ತರಬೇತಿಯ ಅವಧಿ ಮುಗಿದ ಮೇಲೆಯೂ ನಿಮ್ಮ ಊರಿನಲ್ಲಿ ಇಂಥ ಗುರುಗಳೊಬ್ಬರಿದ್ದರೆ, ರಜಾದಿನದ ಬೆಳಗ್ಗೆ ಒಂದೆರಡು ಗಂಟೆ ಸಭಾಂಗಣದ ಬೀಗದ ಕೈಯನ್ನು ಅವರಿಗೆ ಕೊಡಿ.